ಜಾಮ್‌ರಾಕ್: ಜಾಂಬಿಯಾದ ತಾಮ್ರದ ಊರುಗಳಲ್ಲಿ ಹುಟ್ಟಿದ ರಾಕ್ ಸಂಗೀತ – ಪದೇ ಪದೇ ಕೇಳುವ ಪ್ರಶ್ನೆಗಳು

ಜಾಮ್‌ರಾಕ್ ಅಂದರೆ ಏನು?

ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ಜಾಂಬಿಯಾ ದೇಶದಲ್ಲಿ 1970ರ ದಶಕದಲ್ಲಿ ಬೆಳೆದ ರಾಕ್ ಸಂಗೀತಕ್ಕೆ ಈ ಹೆಸರು. ಜಾಂಬಿಯಾ ಮತ್ತು ರಾಕ್ ಎರಡೂ ಸೇರಿ ಜಾಮ್‌ರಾಕ್ ಆಯಿತು. ಅಲ್ಲಿನ ರೇಡಿಯೋ ಡಿಜೆ ಮನಾಸೆ ಫಿರಿ ಈ ಹೆಸರು ಇಟ್ಟರು ಎನ್ನುತ್ತಾರೆ. ಕರ್ಕಶವಾದ ಫಜ್ ಗಿಟಾರ್, ಗಿಟಾರ್ ಸದ್ದನ್ನು 'ವಾ-ವಾ' ಅನ್ನಿಸುವ ಪೆಡಲ್, ಎದೆಗೆ ಬಡಿಯುವ ಡ್ರಮ್ಸ್, ಜೊತೆಗೆ ಊರಿನ ತಾಳ. ಹಾಡು ಇಂಗ್ಲಿಷಿನಲ್ಲೂ ಇರುತ್ತಿತ್ತು, ಬೆಂಬಾ ಮತ್ತು ನ್ಯಾಂಜಾ ಭಾಷೆಗಳಲ್ಲೂ ಇರುತ್ತಿತ್ತು. ದಶಕದ ಆರಂಭದಲ್ಲಿ ಎದ್ದ ಈ ಅಲೆ ದಶಕ ಮುಗಿಯುವ ಹೊತ್ತಿಗೆ ಇಳಿದುಹೋಗಿತ್ತು.

ಆಫ್ರಿಕಾದಲ್ಲಿ ಅಷ್ಟೊಂದು ದೇಶಗಳಿರುವಾಗ ಜಾಂಬಿಯಾದಲ್ಲೇ ಯಾಕೆ?

ತಾಮ್ರ. ಮೊದಲ ಉತ್ತರ ಅದೇ. ಜಾಂಬಿಯಾದ ಉತ್ತರದಲ್ಲಿ ಕಾಪರ್‌ಬೆಲ್ಟ್ ಎಂಬ ಪ್ರದೇಶವಿದೆ. ಕಿಟ್ವೆ, ಎನ್‌ಡೋಲಾ, ಚಿಂಗೋಲಾ, ಮುಫುಲಿರಾ, ಲುವಾನ್ಶಾ, ಇವೆಲ್ಲ ಗಣಿ ಊರುಗಳು. ಬೇರೆ ಬೇರೆ ಬುಡಕಟ್ಟು, ಬೇರೆ ಬೇರೆ ಭಾಷೆಯ ಜನ ಕೂಲಿಗಾಗಿ ಇಲ್ಲಿಗೆ ಬಂದು ನೆಲೆಸಿದರು. ತಿಂಗಳ ಸಂಬಳ ಇತ್ತು. ಗಣಿ ಕಂಪನಿಗಳು ಕಾರ್ಮಿಕರಿಗಾಗಿ ಕಟ್ಟಿಸಿದ ಸಭಾಂಗಣಗಳು, ಬಿಯರ್ ಹಾಲ್‌ಗಳು, ಕ್ಲಬ್ಬುಗಳು ಇದ್ದವು. ಅಪ್ಪ ಗಣಿಯಲ್ಲಿ ದುಡಿದರೆ ಮಗ ಶಾಲೆಗೆ ಹೋಗಿ, ಇಂಗ್ಲಿಷ್ ಕಲಿತು, ಸಂಜೆ ಗಿಟಾರ್ ಹಿಡಿಯುವಷ್ಟು ಪುರುಸೊತ್ತು ಒಂದು ತಲೆಮಾರಿಗೆ ಸಿಕ್ಕಿತು.

ಎರಡನೆಯದು ರೇಡಿಯೋ. 1940ರ ದಶಕದ ಕೊನೆಯಲ್ಲೇ ರಾಜಧಾನಿ ಲುಸಾಕಾದ ಬಾನುಲಿ ಕೇಂದ್ರದಿಂದ ಸ್ಥಳೀಯ ಭಾಷೆಗಳಲ್ಲಿ ಪ್ರಸಾರ ನಡೆಯುತ್ತಿತ್ತು. ಬಡವರೂ ಕೊಳ್ಳಲಿ ಅಂತ ಬ್ಯಾಟರಿಯಿಂದ ನಡೆಯುವ ಒಂದು ಅಗ್ಗದ ರೇಡಿಯೋ ಮಾಡಿಸಿದರು. ಬೆಲೆ 5 ಪೌಂಡ್. ನೋಡೋಕೆ ಅಡುಗೆ ಪಾತ್ರೆಯ ಹಾಗೆ ಇದ್ದದ್ದರಿಂದ ಅದಕ್ಕೆ 'ಸಾಸ್‌ಪ್ಯಾನ್ ಸ್ಪೆಷಲ್' ಅಂತಲೇ ಹೆಸರು ಬಿತ್ತು. ಅಲಿಕ್ ಎನ್ಕಾಟಾ ಅವರಂಥ ಹಾಡುಗಾರ ಪ್ರಸಾರಕರು ಹಳ್ಳಿ ಹಾಡುಗಳನ್ನು ಗಿಟಾರಿಗೆ ಹೊಂದಿಸಿ ಹಾಡುತ್ತಿದ್ದರು. ಹಾಗಾಗಿ 60ರ ದಶಕದಲ್ಲಿ ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಜೇಮ್ಸ್ ಬ್ರೌನ್, ಜಿಮಿ ಹೆಂಡ್ರಿಕ್ಸ್ ಬಂದಾಗ ಅಲ್ಲಿನ ಕಿವಿಗಳು ಆಗಲೇ ತಯಾರಾಗಿದ್ದವು. ಗಿಟಾರ್ ಅವರಿಗೆ ಹೊಸ ವಸ್ತುವೇನೂ ಆಗಿರಲಿಲ್ಲ. ಅದರ ಸದ್ದು ಮಾತ್ರ ಹೊಸದಾಗಿತ್ತು.

ಮೂರನೆಯದು ಸ್ವಾತಂತ್ರ್ಯ. 1964ರ ಅಕ್ಟೋಬರ್ 24ರಂದು ಉತ್ತರ ರೊಡೇಷಿಯಾ ಹೋಗಿ ಜಾಂಬಿಯಾ ಬಂತು. ಕೆನೆತ್ ಕೌಂಡಾ ಮೊದಲ ಅಧ್ಯಕ್ಷರಾದರು. ಆ ದಿನ ಇಡೀ ದೇಶದಲ್ಲಿ ಪದವಿ ಪಡೆದ ಜಾಂಬಿಯನ್ನರು ಸುಮಾರು ನೂರು ಮಂದಿ ಇದ್ದರು, ಅಷ್ಟೇ. ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಿತ್ತು. ಆಗ ಹದಿಹರೆಯದಲ್ಲಿದ್ದ ಹುಡುಗರೇ ಮುಂದೆ ಜಾಮ್‌ರಾಕ್ ನುಡಿಸಿದವರು. ಹೊಸ ಬಾವುಟ, ಹೊಸ ಹೆಸರು, ಹೊಸ ಶಾಲೆ ನೋಡುತ್ತ ಬೆಳೆದವರು. ನಮಗೂ ಒಂದು ಸ್ವಂತ ಸದ್ದು ಬೇಕು ಅಂತ ಅವರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ರೇಡಿಯೋದಲ್ಲಿ ಶೇ. 95ರಷ್ಟು ಸ್ವದೇಶಿ ಸಂಗೀತವೇ ಬರಬೇಕು ಅಂತ ಅಧ್ಯಕ್ಷರು ಆದೇಶ ಮಾಡಿದ್ದರಂತೆ. ನಿಜವೇ?

ಆ ಕಾಲದ ಸಂಗೀತಗಾರರು ಇದನ್ನು ಸದಾ ನೆನೆಸಿಕೊಳ್ಳುತ್ತಾರೆ. ಕೌಂಡಾ ಸ್ವತಃ ಗಿಟಾರ್ ನುಡಿಸಿ ಹಾಡುತ್ತಿದ್ದವರು. ಸಭೆಗಳಲ್ಲಿ 'ಟಿಯೆಂಡೆ ಪಮೋಡ್ಜಿ' ಎಂಬ ಹಾಡು ಹೇಳಿಸಿ ಜನರನ್ನು ಒಟ್ಟಿಗೆ ನಡೆಸುತ್ತಿದ್ದರು. ನಮ್ಮ ರೇಡಿಯೋದಲ್ಲಿ ನಮ್ಮ ಹಾಡೇ ಇರಲಿ ಎಂಬ ಅವರ ನೀತಿ ಸಂಗೀತಗಾರರಿಗೆ ದೊಡ್ಡ ಬೆಂಬಲವಾಯಿತು. ಆದರೆ ಬರೀ ಆದೇಶದಿಂದ ಸಂಗೀತ ಹುಟ್ಟುವುದಿಲ್ಲ, ಅಲ್ವಾ? ಆದೇಶಕ್ಕೂ ಮೊದಲೇ ಬ್ಯಾಂಡ್‌ಗಳು ಇದ್ದವು, ಅಭಿಮಾನಿಗಳೂ ಇದ್ದರು.

ಇದು ಪಶ್ಚಿಮದ ರಾಕ್‌ನ ನಕಲು ತಾನೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಶುರುವಿನಲ್ಲಿ ಎಲ್ಲರೂ ಬೇರೆಯವರ ಹಾಡು ನುಡಿಸಿಯೇ ಕೈ ಪಳಗಿಸಿಕೊಂಡರು. ಡೀಪ್ ಪರ್ಪಲ್, ಬ್ಲ್ಯಾಕ್ ಸಬ್ಬತ್, ಗ್ರ್ಯಾಂಡ್ ಫಂಕ್ ರೈಲ್‌ರೋಡ್, ಹೆಂಡ್ರಿಕ್ಸ್. ಆದರೆ ಅದೇ ಹೆಂಡ್ರಿಕ್ಸ್ ಎಲ್ಲಿಂದ ಕಲಿತರು? ಅಮೆರಿಕದ ಕಪ್ಪು ಜನರ ಬ್ಲೂಸ್‌ನಿಂದ. ಅದರ ಬೇರು ಆಫ್ರಿಕಾದಲ್ಲಿತ್ತು. ಲಂಡನ್ನಿನ ಬಿಳಿ ಹುಡುಗರು ಬ್ಲೂಸ್ ಕಲಿತು ನುಡಿಸಿದರೆ ಅದನ್ನು ಕ್ರಾಂತಿ ಅನ್ನುತ್ತೇವೆ. ಕಿಟ್ವೆಯ ಹುಡುಗರು ರಾಕ್ ಕಲಿತು ನುಡಿಸಿದರೆ ನಕಲು ಅನ್ನುತ್ತೇವೆ. ಈ ಅಳತೆಗೋಲು ನನಗೆ ಒಪ್ಪಿಗೆಯಿಲ್ಲ.

ಕಿವಿಗೊಟ್ಟು ಕೇಳಿದರೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ಮುಸಿ-ಓ-ಟುನ್ಯಾ ಬ್ಯಾಂಡಿನ ಹಾಡುಗಳಲ್ಲಿ ಡ್ರಮ್ಸ್ ಜೊತೆ ಕೈಯಲ್ಲಿ ಬಡಿಯುವ ವಾದ್ಯಗಳ ತಾಳ ಹೆಣೆದುಕೊಂಡಿರುತ್ತದೆ. ಅಂಥ ತಾಳ ಇಂಗ್ಲಿಷ್ ರಾಕ್‌ನಲ್ಲಿ ಸಿಗುವುದು ಅಪರೂಪ. ಗಿಟಾರ್ ನುಡಿಸುತ್ತ ಹಾಡುತ್ತಿದ್ದ ಪಾಲ್ ಎನ್‌ಗೋಜಿ ನ್ಯಾಂಜಾದಲ್ಲಿ ಹಾಡುವಾಗ ಮನೆ, ಬೀದಿ, ನೆರೆಹೊರೆಯ ಮಾತುಗಳೇ ಬರುತ್ತವೆ. ಹಾಡುವ ದನಿಯಲ್ಲಿ ಒಬ್ಬ ಕರೆದು ಉಳಿದವರು ಓಗೊಡುವ ಹಳ್ಳಿ ಪದ್ಧತಿ ಇದೆ. ಇಂಗ್ಲಿಷ್ ಹಾಡುಗಳಲ್ಲೂ ಅಷ್ಟೆ. ಅಲ್ಲಿನ ಇಂಗ್ಲಿಷ್ ಲಂಡನ್ನಿನದಲ್ಲ, ಜಾಂಬಿಯಾದ ಶಾಲೆಗಳದ್ದು. ಅದರ ನೇರ, ಮುಗ್ಧ ಮಾತು ನನಗೆ ತುಂಬ ಇಷ್ಟ.

ಮುಖ್ಯವಾದ ಬ್ಯಾಂಡ್‌ಗಳು ಯಾವುವು?

ಮೊದಲು ಹೇಳಬೇಕಾದ್ದು ವಿಚ್. 'ವಿ ಇಂಟೆಂಡ್ ಟು ಕಾಸ್ ಹ್ಯಾವಕ್', ಅಂದರೆ 'ಗದ್ದಲ ಎಬ್ಬಿಸುವುದೇ ನಮ್ಮ ಉದ್ದೇಶ' ಎಂಬ ಮಾತಿನ ಮೊದಲಕ್ಷರಗಳು ಸೇರಿ ಆದ ಹೆಸರು. ಹಾಡುಗಾರ ಇಮ್ಯಾನುಯೆಲ್ ಚಾಂಡಾ. ರೋಲಿಂಗ್ ಸ್ಟೋನ್ಸ್‌ನ ಹಾಡುಗಾರ ಮಿಕ್ ಜಾಗರ್ ಹಾಗೆ ವೇದಿಕೆ ಮೇಲೆ ಕುಣಿಯುತ್ತಿದ್ದದ್ದಕ್ಕೆ ಜನ ಅವರನ್ನು 'ಜಾಗಾರಿ' ಅಂತ ಕರೆದರು. ಆ ಹೆಸರೇ ನಿಂತಿತು. ಕ್ರಿಸ್ ಎಂಬೆವೆ ಲೀಡ್ ಗಿಟಾರ್, ಗಿಡಿಯನ್ ಮ್ವಾಮುಲೆಂಗಾ ಬೇಸ್, ಬಾಯ್ಡಿ ಸಿಂಕಾಲಾ ಡ್ರಮ್ಸ್, ಜಾನ್ ಮುಮಾ ರಿದಮ್ ಗಿಟಾರ್. ಅವರ ಮೊದಲ ಆಲ್ಬಂ 'ಇಂಟ್ರೊಡಕ್ಷನ್' ಜಾಂಬಿಯಾದ ಮೊಟ್ಟಮೊದಲ ರಾಕ್ ಎಲ್‌ಪಿಗಳಲ್ಲಿ (ದೊಡ್ಡ ಗ್ರಾಮಫೋನ್ ತಟ್ಟೆಗಳಲ್ಲಿ) ಒಂದು. ಆಮೇಲೆ 1975ರಲ್ಲಿ ಬಂದ 'ಲೇಜಿ ಬೋನ್ಸ್' ಅನ್ನು ಹಲವರು ಅವರ ಅತ್ಯುತ್ತಮ ಕೆಲಸ ಎನ್ನುತ್ತಾರೆ. ನನ್ನ ಅಭಿಪ್ರಾಯವೂ ಅದೇ. ನಿಧಾನ, ಭಾರ, ಒಂದು ಬಗೆಯ ಮಂಕು, ಆದರೂ ಕೇಳುತ್ತ ಕೇಳುತ್ತ ಮೈ ಬಿಸಿಯಾಗುತ್ತದೆ.

ಪಾಲ್ ಎನ್‌ಗೋಜಿ ಮತ್ತು ಅವರ ಎನ್‌ಗೋಜಿ ಫ್ಯಾಮಿಲಿ ಜನಸಾಮಾನ್ಯರ ಬ್ಯಾಂಡ್. ಪಾಲ್ ಗಿಟಾರನ್ನು ಹಲ್ಲಿನಿಂದಲೂ ನುಡಿಸುತ್ತಿದ್ದರು. ಅವರ ಗಿಟಾರ್ ಸದ್ದು ಉಪ್ಪುಕಾಗದದ ಹಾಗೆ ಒರಟು. 1976ರ 'ಡೇ ಆಫ್ ಜಡ್ಜ್‌ಮೆಂಟ್' ಆಲ್ಬಂ ಕೇಳಿದರೆ ಪಂಕ್ ಸಂಗೀತದ ಅದೇ ಹಸಿತನ ಇಲ್ಲೂ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಪಂಕ್ ತಲೆ ಎತ್ತುತ್ತಿದ್ದ ಹೊತ್ತಿಗೇ ಇವರು ಯಾರ ಗೊಡವೆಯೂ ಇಲ್ಲದೆ ಹೀಗೆ ನುಡಿಸುತ್ತಿದ್ದರು. ಇದೇ ಬಳಗದ ಡ್ರಮ್ಮರ್ ಕ್ರಿಸ್ಸಿ ಜೆಬ್ಬಿ ಟೆಂಬೊ ತಮ್ಮ ಹೆಸರಿನಲ್ಲೂ ಆಲ್ಬಂ ಮಾಡಿದರು.

ರಿಕಿ ಇಲಿಲೋಂಗಾ ಇನ್ನೊಂದು ದೊಡ್ಡ ಹೆಸರು. ಅವರ ಬ್ಯಾಂಡ್ ಮುಸಿ-ಓ-ಟುನ್ಯಾಗೆ ಹೆಸರು ಬಂದದ್ದು ವಿಕ್ಟೋರಿಯಾ ಜಲಪಾತದಿಂದ. ಸ್ಥಳೀಯರು ಆ ಜಲಪಾತವನ್ನು 'ಗುಡುಗುವ ಹೊಗೆ' ಎಂಬ ಅರ್ಥದಲ್ಲಿ ಹಾಗೆ ಕರೆಯುತ್ತಾರೆ. 1975ರಲ್ಲಿ 'ವಿಂಗ್ಸ್ ಆಫ್ ಆಫ್ರಿಕಾ' ಬಂತು. ಆಮೇಲೆ ರಿಕಿ ಒಬ್ಬರೇ ಮಾಡಿದ 'ಜಾಂಬಿಯಾ' ಆಲ್ಬಂನಲ್ಲಿ ಗದ್ದಲ ಕಡಿಮೆ, ಒಂಟಿತನ ಜಾಸ್ತಿ.

ಅಮನಾಜ್ ಬ್ಯಾಂಡ್ ಮಾಡಿದ್ದು ಒಂದೇ ಆಲ್ಬಂ, 1975ರ 'ಆಫ್ರಿಕಾ'. ಅದು ಎರಡು ಬಗೆಯ ಮಿಕ್ಸ್‌ಗಳಲ್ಲಿ ಸಿಗುತ್ತದೆ. ಒಂದರಲ್ಲಿ ಸದ್ದು ಒಣದು, ಹತ್ತಿರದ್ದು. ಇನ್ನೊಂದರಲ್ಲಿ ಪ್ರತಿಧ್ವನಿ ತುಂಬಿ ಎಲ್ಲವೂ ಕನಸಿನ ಆಳದಿಂದ ಬಂದಂತೆ ಕೇಳಿಸುತ್ತದೆ. ಎರಡನ್ನೂ ಕೇಳಿ ನೋಡಿ. ಕೀತ್ ಮ್ಲೆವ್ಹು, ದಿ ಪೀಸ್, ಸಾಲ್ಟಿ ಡಾಗ್, ಇವರೂ ಬಿಡಬಾರದ ಹೆಸರುಗಳು.

ಆಗಿನ ಯುವಜನರ ಬದುಕು ಹೇಗಿತ್ತು? ಶೋಗಳು ಹೇಗಿರುತ್ತಿದ್ದವು?

ಬೆಲ್‌ಬಾಟಮ್ ಪ್ಯಾಂಟು, ಎತ್ತರದ ಹಿಮ್ಮಡಿಯ ಶೂ, ದೊಡ್ಡ ಆಫ್ರೋ ಕೂದಲು. ಆ ಕಾಲದ ಆಲ್ಬಂ ಕವರ್‌ಗಳನ್ನು ನೋಡಿದರೆ ಅವರ ಠೀವಿ ಗೊತ್ತಾಗುತ್ತದೆ. ಬ್ಯಾಂಡ್‌ಗಳು ಗಣಿ ಊರಿನ ಸಭಾಂಗಣ, ಹೋಟೆಲ್, ಕ್ಲಬ್, ಶಾಲೆ ಎಲ್ಲಿ ಕರೆದರೂ ಹೋಗುತ್ತಿದ್ದವು. ಕಾಪರ್‌ಬೆಲ್ಟ್‌ನಿಂದ ಲುಸಾಕಾಗೆ, ಅಲ್ಲಿಂದ ಗಡಿ ದಾಟಿ ಅಕ್ಕಪಕ್ಕದ ದೇಶಗಳಿಗೆ. ಒಂದು ಶೋ ಗಂಟೆಗಟ್ಟಲೆ ನಡೆಯುತ್ತಿತ್ತು. ಜಾಗಾರಿ ವೇದಿಕೆ ಮೇಲೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ವಿಚ್ ಬಂದರೆ ಜನರನ್ನು ಹತೋಟಿಯಲ್ಲಿಡಲು ಪೊಲೀಸರನ್ನು ಕರೆಸಬೇಕಾಗುತ್ತಿತ್ತು ಎಂದು ಆ ಕಾಲದವರು ನೆನೆಸಿಕೊಳ್ಳುತ್ತಾರೆ.

ರೆಕಾರ್ಡಿಂಗ್ ಮಾತ್ರ ಸುಲಭವಿರಲಿಲ್ಲ. ಶುರುವಿನಲ್ಲಿ ಒಳ್ಳೆ ಸ್ಟುಡಿಯೋ ಬೇಕೆಂದರೆ ಕೀನ್ಯಾದ ನೈರೋಬಿಗೆ ಹೋಗಬೇಕಿತ್ತು. ಆಮೇಲೆ ಲುಸಾಕಾದಲ್ಲಿ ಡಿಬಿ ಸ್ಟುಡಿಯೋ, ಚಿಂಗೋಲಾದಲ್ಲಿ ಮಲಕೈಟ್ ಸ್ಟುಡಿಯೋ ಬಂದವು. ಎನ್‌ಡೋಲಾದಲ್ಲಿ ಎಡ್ವರ್ಡ್ ಖುಜ್ವಾಯೊ ಅವರ ಜಾಂಬಿಯಾ ಮ್ಯೂಸಿಕ್ ಪಾರ್ಲರ್ ರೆಕಾರ್ಡುಗಳನ್ನು ಹೊರತಂದಿತು. ಈ ಹೆಸರುಗಳನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ಹಾಡಿದವರನ್ನು ನೆನೆಯುವಾಗ ಹಾಡನ್ನು ಮುದ್ರಿಸಿ ಮಾರಿದವರನ್ನು ನಾವು ಮರೆತೇಬಿಡುತ್ತೇವೆ.

ಹೆಣ್ಣುಮಕ್ಕಳು ಎಲ್ಲಿದ್ದರು?

ಬ್ಯಾಂಡ್‌ಗಳಲ್ಲಿ ಬಹುತೇಕ ಗಂಡಸರೇ. ಕುಣಿಯಲು ಬಂದವರಲ್ಲಿ, ಹಾಡು ಬಾಯಿಪಾಠ ಮಾಡಿಕೊಂಡವರಲ್ಲಿ ಹುಡುಗಿಯರು ಬೇಕಾದಷ್ಟು ಇದ್ದರು. ಆದರೆ ಮಿನಿ ಸ್ಕರ್ಟ್ ತೊಟ್ಟರೆ ಸಂಸ್ಕೃತಿ ಹಾಳಾಯಿತು ಅಂತ ಆಳುವ ಪಕ್ಷದ ಯುವಕರು ಬೀದಿಯಲ್ಲಿ ಹರಿಹಾಯುತ್ತಿದ್ದ ಕಾಲ ಅದು. ಹುಡುಗ ಕೂದಲು ಬೆಳೆಸಿದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಹುಡುಗಿಗೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

ಹಾಗಾದರೆ ಆ ಕಾಲ ನಿಜಕ್ಕೂ ಅಷ್ಟು ಚೆನ್ನಾಗಿತ್ತೇ?

ಪೂರ್ತಿ ಹೌದು ಅನ್ನಲಾಗದು. 1972ರ ಕೊನೆಯಲ್ಲಿ ಜಾಂಬಿಯಾ ಏಕಪಕ್ಷ ದೇಶವಾಯಿತು. ಕೌಂಡಾರ ಪಕ್ಷ ಬಿಟ್ಟು ಬೇರೆ ಪಕ್ಷ ಇರುವಂತಿರಲಿಲ್ಲ. 1973ರ ಆರಂಭದಲ್ಲಿ ಬಿಳಿಯರ ಆಳ್ವಿಕೆಯಲ್ಲಿದ್ದ ನೆರೆಯ ರೊಡೇಷಿಯಾ (ಇಂದಿನ ಜಿಂಬಾಬ್ವೆ) ಜೊತೆಗಿನ ಗಡಿ ಮುಚ್ಚಿತು. ತಾಮ್ರ ಸಾಗಿಸುವುದೇ ಕಷ್ಟವಾಯಿತು. ಸುತ್ತಲಿನ ಹಲವು ದೇಶಗಳಲ್ಲಿ ಬಿಳಿಯರ ಆಳ್ವಿಕೆಯ ವಿರುದ್ಧ ಹೋರಾಟ ನಡೆಯುತ್ತಿತ್ತು. ಆ ಹೋರಾಟಗಾರರಿಗೆ ಲುಸಾಕಾ ಆಶ್ರಯ ಕೊಟ್ಟಿತ್ತು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು.

ಆದರೂ ಆ ಕಾಲದವರು ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. ಸುಮ್ನೆ ಯೌವನದ ನೆನಪು ಅಂತ ಇದನ್ನು ತಳ್ಳಿಹಾಕಬಾರದು ಅನ್ನುವುದು ನನ್ನ ಅನಿಸಿಕೆ. ಆ ಹಾಡುಗಳು ಬಂದಾಗ ದೇಶಕ್ಕೆ ಹತ್ತು ವರ್ಷ, ಹಾಡುಗಾರರಿಗೆ ಇಪ್ಪತ್ತು ಚಿಲ್ಲರೆ. ನಾಳೆ ಇವತ್ತಿಗಿಂತ ಚೆನ್ನಾಗಿರುತ್ತದೆ ಅಂತ ಇಬ್ಬರೂ ನಂಬಿದ್ದರು. ಆ ನಂಬಿಕೆ ಅವರ ಹಾಡುಗಳಲ್ಲಿ ಕೇಳಿಸುತ್ತದೆ. ಜೊತೆಗೆ 1975ರ ನಂತರದ ಹಾಡುಗಳಲ್ಲಿ ಆ ನಂಬಿಕೆ ಅಲ್ಲಾಡುವುದೂ ಕೇಳಿಸುತ್ತದೆ.

ಮತ್ತೆ ಯಾಕೆ ನಿಂತುಹೋಯಿತು?

ಯಾವುದರಿಂದ ಬಂತೋ ಅದರಿಂದಲೇ ಹೋಯಿತು. 1974ರಲ್ಲಿ ತಾಮ್ರದ ಬೆಲೆ ಆಕಾಶ ಮುಟ್ಟಿತ್ತು. ಮರುವರ್ಷ ಅದರ ಅರ್ಧಕ್ಕೂ ಕೆಳಗೆ ಬಿತ್ತು. ಅದೇ ಹೊತ್ತಿಗೆ ಪೆಟ್ರೋಲ್ ಬೆಲೆ ಏರಿತ್ತು. ದೇಶದ ರಫ್ತಿನಲ್ಲಿ ತಾಮ್ರದ ಪಾಲು ಶೇ. 90ಕ್ಕೂ ಹೆಚ್ಚು. ಅದು ಬಿದ್ದರೆ ಹಿಡಿದುಕೊಳ್ಳಲು ಇನ್ನೊಂದು ಕೊಂಬೆ ಇರಲಿಲ್ಲ. ಸಂಬಳದ ಬೆಲೆ ಕರಗಿತು. ಅಂಗಡಿಗಳಲ್ಲಿ ಅಡುಗೆ ಎಣ್ಣೆ, ಸೋಪು ಸಿಗುವುದೇ ಕಷ್ಟವಾಯಿತು. ಗಿಟಾರ್ ತಂತಿ, ಆಂಪ್ಲಿಫೈಯರ್, ರೆಕಾರ್ಡ್ ಮುದ್ರಿಸುವ ಸಾಮಗ್ರಿ ಹೊರಗಿನಿಂದ ತರಿಸಲು ವಿದೇಶಿ ಹಣ ಎಲ್ಲಿಂದ ಬರಬೇಕು?

ನಂತರ ಯುದ್ಧದ ಬಿಸಿ ತಟ್ಟಿತು. 1978-79ರಲ್ಲಿ ರೊಡೇಷಿಯಾದ ಸೇನೆ ಜಾಂಬಿಯಾದ ಒಳಗೇ ಬಂದು ದಾಳಿ ಮಾಡಿತು. ರಾತ್ರಿ ದೀಪ ಆರಿಸಬೇಕು, ಹೊರಗೆ ಓಡಾಡುವಂತಿಲ್ಲ. ರಾತ್ರಿಯೇ ಇಲ್ಲದ ಮೇಲೆ ರಾಕ್ ಶೋ ಎಲ್ಲಿ ನಡೆಯಬೇಕು? ಬ್ಯಾಂಡ್‌ಗಳು ಹಗಲು ಹೊತ್ತಿನಲ್ಲಿ ಶೋ ಮಾಡಿ ನೋಡಿದವು. ರೇಡಿಯೋದಲ್ಲಿ ಹಳ್ಳಿ ಹಾಡುಗಳನ್ನು ದೇಶಕ್ಕೆಲ್ಲ ಕೇಳಿಸಿದ ಅಲಿಕ್ ಎನ್ಕಾಟಾ 1978ರಲ್ಲಿ ಇಂಥದ್ದೇ ಒಂದು ದಾಳಿಯಲ್ಲಿ ಪ್ರಾಣ ಕಳೆದುಕೊಂಡರು. ಆ ಸಾಲು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಇದರ ಮೇಲೆ ಡಿಸ್ಕೊ ಬಂತು, ಕದ್ದು ನಕಲು ಮಾಡಿದ ಕ್ಯಾಸೆಟ್ ಬಂತು. ಬ್ಯಾಂಡ್‌ಗಿಂತ ಡಿಜೆ ಅಗ್ಗ. ಕ್ಲಬ್ ಮಾಲೀಕರು ಲೆಕ್ಕ ಹಾಕಿದರು.

ಆ ಸಂಗೀತಗಾರರು ಏನಾದರು?

ಈ ಪುಟದಲ್ಲಿ ಬರೆಯಲು ಅತಿ ಕಷ್ಟವಾದ ಉತ್ತರ ಇದು. 1980ರ ದಶಕದಲ್ಲಿ ಏಡ್ಸ್ ಜಾಂಬಿಯಾವನ್ನು ಹಿಂಡಿತು. 1990ರ ದಶಕದಲ್ಲಿ ಅಲ್ಲಿನ ಸರಾಸರಿ ಆಯಸ್ಸು 50ಕ್ಕಿಂತ ಕೆಳಗಿತ್ತು. ಜಾಮ್‌ರಾಕ್ ನುಡಿಸಿದವರಲ್ಲಿ ಬಹಳ ಮಂದಿ ನಡುವಯಸ್ಸು ದಾಟುವ ಮೊದಲೇ ತೀರಿಕೊಂಡರು. ಪಾಲ್ ಎನ್‌ಗೋಜಿ 1989ರಲ್ಲಿ ಹೋದರು. ಆಗ ಅವರಿಗೆ ನಲವತ್ತರ ಆಸುಪಾಸು. ವಿಚ್‌ನ ಮೂಲ ತಂಡದಲ್ಲಿ ಉಳಿದವರು ಜಾಗಾರಿ ಒಬ್ಬರೇ. ಅವರು ಬ್ಯಾಂಡ್ ಬಿಟ್ಟು ಮೇಷ್ಟರಾದರು. ಆಮೇಲೆ ಹೊಟ್ಟೆಪಾಡಿಗೆ ರತ್ನದ ಕಲ್ಲು ಅಗೆಯುವ ಗಣಿ ಕೆಲಸಕ್ಕೆ ಇಳಿದರು. ಒಂದು ಕಾಲಕ್ಕೆ ಸಾವಿರಾರು ಜನರನ್ನು ಕುಣಿಸಿದ ಮನುಷ್ಯ ನೆಲ ಅಗೆಯುತ್ತಿದ್ದರು.

ಜಾಮ್‌ರಾಕ್ ನಂತರ ಜಾಂಬಿಯಾದಲ್ಲಿ ಸಂಗೀತವೇ ಇರಲಿಲ್ಲವೇ?

ಖಂಡಿತ ಇತ್ತು. ಕಲಿಂಡುಲಾ ಬಂತು. ಅದೇ ಹೆಸರಿನ ಹಳ್ಳಿ ತಂತಿವಾದ್ಯದಿಂದ ಹೆಸರು ಪಡೆದ, ಕುಣಿಯಲು ಹೇಳಿ ಮಾಡಿಸಿದ ಸಂಗೀತ ಅದು. ಸೆರೆಂಜೆ ಕಲಿಂಡುಲಾ, ಅಮಯೆಂಗೆ ಮುಂತಾದ ತಂಡಗಳು 80ರ ದಶಕವನ್ನು ಆಳಿದವು. ಪಾಲ್ ಎನ್‌ಗೋಜಿ ಕೂಡ ಆ ಕಡೆ ಹೊರಳಿದರು. ಹೊರಗಿನ ಸಂಗ್ರಾಹಕರು ಕಲಿಂಡುಲಾವನ್ನು ಅಷ್ಟಾಗಿ ಹುಡುಕುವುದಿಲ್ಲ. ಅದರಲ್ಲಿ ಅವರಿಗೆ ಪರಿಚಿತವಾದ ಫಜ್ ಗಿಟಾರ್ ಇಲ್ಲ, ಅದಕ್ಕೇ ಇರಬೇಕು.

ಇಷ್ಟು ವರ್ಷದ ಮೇಲೆ ಮತ್ತೆ ಹೇಗೆ ಬೆಳಕಿಗೆ ಬಂತು?

2000ದ ನಂತರ ಹೊರದೇಶದ ರೆಕಾರ್ಡ್ ಸಂಗ್ರಾಹಕರ ಕೈಗೆ ಈ ಎಲ್‌ಪಿಗಳು ಸಿಕ್ಕವು. ಅಮೆರಿಕದ ನೌ-ಅಗೇನ್ ಎಂಬ ಕಂಪನಿ ಜಾಗಾರಿ, ರಿಕಿ ಇಲಿಲೋಂಗಾ ಅವರ ಜೊತೆ ಸೇರಿ ಮರುಮುದ್ರಣ ಶುರು ಮಾಡಿತು. 2012ರಲ್ಲಿ ವಿಚ್‌ನ 70ರ ದಶಕದ ಆಲ್ಬಂಗಳು ಒಂದೇ ಪೆಟ್ಟಿಗೆಯಲ್ಲಿ ಬಂದವು. 2017ರಲ್ಲಿ ಹಲವು ಬ್ಯಾಂಡ್‌ಗಳ ಹಾಡುಗಳನ್ನು ಎರಡು ಸಂಪುಟಗಳಲ್ಲಿ ತಂದರು. ಜಾಗಾರಿ ಹೊಸ ತಂಡ ಕಟ್ಟಿಕೊಂಡು ಯುರೋಪ್, ಅಮೆರಿಕ ಸುತ್ತಿದರು. 80ರ ದಶಕದಲ್ಲಿ ವಿಚ್‌ನಲ್ಲಿ ಕೀಬೋರ್ಡ್ ನುಡಿಸಿದ್ದ ಪ್ಯಾಟ್ರಿಕ್ ಮ್ವೊಂಡೆಲಾ ಜೊತೆಯಾದರು. ನೆದರ್‌ಲ್ಯಾಂಡ್ಸ್‌ನ ಎಳೆಯ ಸಂಗೀತಗಾರರೂ ಸೇರಿಕೊಂಡರು. 2023ರಲ್ಲಿ 'ಜಾಂಗೋ' ಎಂಬ ಹೊಸ ಆಲ್ಬಂ ಬಂತು. ಅದನ್ನು ಲುಸಾಕಾದ ಅದೇ ಡಿಬಿ ಸ್ಟುಡಿಯೋದಲ್ಲಿ ಮಾಡಿದರು. ಜಾಂಬಿಯಾದಲ್ಲಿ ಹುಟ್ಟಿದ ರಾಪರ್ ಸಾಂಪಾ ದ ಗ್ರೇಟ್ ಅದರಲ್ಲಿ ಹಾಡಿದ್ದಾರೆ. 2025ರಲ್ಲಿ 'ಸೊಗೊಲೊ' ಬಂತು. 2024ರಲ್ಲಿ ಅಮೆರಿಕದ ರಾಪರ್ 'ಟೈಲರ್, ದ ಕ್ರಿಯೇಟರ್' ತಮ್ಮ ಹಾಡೊಂದರಲ್ಲಿ ಎನ್‌ಗೋಜಿ ಫ್ಯಾಮಿಲಿಯ ಹಳೇ ಹಾಡಿನ ತುಣುಕು ಬಳಸಿದಾಗಲಂತೂ ಜಗತ್ತಿನ ಹುಡುಗರೆಲ್ಲ ಒಮ್ಮೆಗೇ ಪಾಲ್ ಎನ್‌ಗೋಜಿ ದನಿ ಕೇಳಿದರು.

ಅಂದರೆ ಮರೆತುಹೋಗಿದ್ದ ಸಂಗೀತವನ್ನು ಹೊರಗಿನವರು ಹುಡುಕಿ ಕೊಟ್ಟರು ಅನ್ನಬಹುದೇ?

ದಯವಿಟ್ಟು ಬೇಡ. ಯಾರು ಮರೆತಿದ್ದರು? ಕಿಟ್ವೆ, ಲುಸಾಕಾದ ಹಿರಿಯರಿಗೆ ಈ ಹಾಡುಗಳು ನೆನಪಿದ್ದವು. ಲಿಯೊನಾರ್ಡ್ ಕೊಲೊಕೊ ಅವರಂಥ ಜಾಂಬಿಯಾದ ಬರಹಗಾರರು ಒಬ್ಬೊಬ್ಬ ಸಂಗೀತಗಾರರ ಬದುಕನ್ನೂ ಹುಡುಕಿ ದಾಖಲಿಸುತ್ತಿದ್ದರು. ಕಾಣೆಯಾಗಿದ್ದು ರೆಕಾರ್ಡುಗಳು, ಸ್ಟುಡಿಯೋದಲ್ಲಿ ಮುದ್ರಿಸಿದ ಮೂಲ ಮಾಸ್ಟರ್ ಟೇಪುಗಳು. ಎಲ್ಲಕ್ಕಿಂತ ದೊಡ್ಡ ನಷ್ಟ ಆ ಮನುಷ್ಯರು. ಮರುಮುದ್ರಣ ಮಾಡಿದವರ ಶ್ರಮಕ್ಕೆ ನನ್ನ ಗೌರವ ಇದೆ. ಅವರಿಲ್ಲದಿದ್ದರೆ ನಾನೂ ಇದನ್ನು ಕೇಳುತ್ತಿರಲಿಲ್ಲ. ಆದರೆ ಈ ನೆನಪಿನ ಮೊದಲ ಹಕ್ಕುದಾರರು ಜಾಂಬಿಯಾದ ಜನ. ನಮಗೆ ಈ ಹಾಡುಗಳು ಸಿಕ್ಕಿದ್ದು ಹಳೆಯ ಅಚ್ಚರಿಯಾಗಿ. ಅವರಿಗೆ ಅವು ಅಣ್ಣ, ಚಿಕ್ಕಪ್ಪ, ಪಕ್ಕದ ಮನೆಯ ಹುಡುಗ ಹಾಡಿದ ಹಾಡುಗಳು. ತೀರಿಹೋದವರ ದನಿ ಅಲ್ಲಿ ಇದೆ. ಜಾಮ್‌ರಾಕ್ ಬಗ್ಗೆ ಮಾತಾಡುವಾಗ ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಅನ್ನುವುದೇ ಈ ಪುಟ ಬರೆಯಲು ಕಾರಣ.

ಭಾಷೆ ಬರದೆ ಕೇಳಿದರೆ ಏನು ಸಿಗುತ್ತದೆ?

ಬಹಳ ಹಾಡುಗಳು ಇಂಗ್ಲಿಷಿನಲ್ಲಿವೆ, ಹಾಗಾಗಿ ತೊಡಕಿಲ್ಲ. ಬೆಂಬಾ, ನ್ಯಾಂಜಾ ಹಾಡುಗಳಿಗೆ ಮರುಮುದ್ರಣದ ಜೊತೆ ಬರುವ ಪುಸ್ತಿಕೆಗಳಲ್ಲಿ ಒಂದಿಷ್ಟು ವಿವರ ಸಿಗುತ್ತದೆ.

ಎಲ್ಲಿಂದ ಶುರು ಮಾಡಲಿ?

ರಾಕ್ ಅಭ್ಯಾಸ ಇದ್ದರೆ ವಿಚ್‌ನ 'ಲೇಜಿ ಬೋನ್ಸ್'. ಮೆಲುವಾದದ್ದು ಬೇಕಿದ್ದರೆ ಅಮನಾಜ್‌ನ 'ಆಫ್ರಿಕಾ', ರಾತ್ರಿ ಹೊತ್ತು. ಕುಣಿಯುವ ತಾಳ ಬೇಕಿದ್ದರೆ 'ವಿಂಗ್ಸ್ ಆಫ್ ಆಫ್ರಿಕಾ'. ಎನ್‌ಗೋಜಿ ಫ್ಯಾಮಿಲಿಯನ್ನು ಮಾತ್ರ ಜೋರಾಗಿ ಹಾಕಿ ಕೇಳಿ, ಸಣ್ಣ ಸದ್ದಿನಲ್ಲಿ ಅದರ ಅರ್ಧ ಶಕ್ತಿ ಕಳೆದುಹೋಗುತ್ತದೆ. ಮುದ್ರಣ ಅಲ್ಲಲ್ಲಿ ಕರಕರ ಅನ್ನುತ್ತದೆ. ಹಲವು ಹಾಡುಗಳನ್ನು ಮಾಸ್ಟರ್ ಟೇಪ್ ಸಿಗದೆ ಹಳೇ ಎಲ್‌ಪಿಯಿಂದಲೇ ಎತ್ತಿಕೊಂಡಿದ್ದಾರೆ. ನಾಲ್ಕು ಹಾಡು ಆದ ಮೇಲೆ ಕಿವಿ ಹೊಂದಿಕೊಳ್ಳುತ್ತದೆ.

ಹಳೇ ಮೂಲ ಎಲ್‌ಪಿಗಳನ್ನು ಕೊಳ್ಳಬೇಕೇ?

ಬೇಕಿಲ್ಲ. ಒಂದೊಂದಕ್ಕೆ ಸಾವಿರಾರು ಡಾಲರ್ ಕೇಳುತ್ತಾರೆ. ಅದರಲ್ಲಿ ಒಂದು ಪೈಸೆಯೂ ಹಾಡಿದವರ ಮನೆಗೆ ಹೋಗುವುದಿಲ್ಲ. ಸಂಗೀತಗಾರರ ಅಥವಾ ಅವರ ಕುಟುಂಬದ ಒಪ್ಪಿಗೆ ಪಡೆದು ತಂದ ಮರುಮುದ್ರಣಗಳನ್ನು ನೋಡಿ ಕೊಳ್ಳಿ. ಆಮೇಲೆ ಜಾಗಾರಿಯವರ ಹೊಸ ಆಲ್ಬಂಗಳನ್ನೂ ಕೊಳ್ಳಿ. ಅವರು 1951ರಲ್ಲಿ ಹುಟ್ಟಿದವರು, ಈಗಲೂ ಊರೂರು ಸುತ್ತಿ ಹಾಡುತ್ತಿದ್ದಾರೆ.